ದೋಷ ಯಾವುದು, ದನಿ ಯಾವುದು

ಮನೆಯಲ್ಲಿ ಬೇಸ್ ಗಿಟಾರ್ ನುಡಿಸುವ ಪ್ರತಿಯೊಬ್ಬರಿಗೂ ಒಂದು ಗುಂಯ್ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಕೇಬಲ್ ಸಿಕ್ಕಿಸಿ ಆಂಪ್ಲಿಫೈಯರಿನ ಸ್ವಿಚ್ ಒತ್ತಿದ್ದೇ ತಡ, ತಂತಿಗೆ ಬೆರಳು ತಾಗುವ ಮೊದಲೇ ಅದು ಹಾಜರು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಕಂಪನ 50 ಹರ್ಟ್ಜ್. ಬೇಸಿನ ಅತಿ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ, ಅಂದರೆ ಕತ್ತಿನ ಮೇಲಿನ ಮೂರನೇ ಲೋಹದ ಮೆಟ್ಟಿಲಿನಲ್ಲಿ, ಒತ್ತಿ ಮೀಟಿದರೆ ಬರುವ ಜಿ ಸ್ವರದ್ದು 49. ಎರಡರ ನಡುವೆ ಒಂದೇ ಒಂದು ಕಂಪನದ ಅಂತರ. ಗುಂಯ್ ಕೇಳುತ್ತಿರುವಾಗಲೇ ಆ ಸ್ವರವನ್ನು ಮೀಟಿ ಹಿಡಿದು ನಿಂತರೆ, ಸೆಕೆಂಡಿಗೊಮ್ಮೆ ಸದ್ದು ಉಬ್ಬುತ್ತದೆ, ಇಳಿಯುತ್ತದೆ. ತಂಬೂರಿಯ ಎರಡು ತಂತಿ ಇನ್ನೇನು ಕೂಡಬೇಕು ಅನ್ನುವಷ್ಟರಲ್ಲಿ ಕೇಳುವ ಅಲೆಯೂ ಇದೇ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್. ಅಲ್ಲಿನ ಗುಂಯ್ ಯಾವ ಸ್ವರದ ಮೇಲೂ ಸರಿಯಾಗಿ ಕೂರದೆ ಬಿ ಫ್ಲಾಟ್ ಮತ್ತು ಬಿ ನಡುವೆ ಎಲ್ಲೋ ಬೀಳುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ನುಡಿಸುವವರಿಗೆ ಮಾತ್ರ ಊರಿನ ವಿದ್ಯುತ್ ಕಂಬವೇ ಜಿ ಹತ್ತಿರ ಶ್ರುತಿ ಹಿಡಿದು ನಿಂತಿರುತ್ತದೆ.

ಆ ಸದ್ದಿನ ಮೂಲ ಹುಡುಕುತ್ತ ಹೋದರೆ ಪಿಕಪ್ ಸಿಗುತ್ತದೆ. ತಂತಿಗಳ ಕೆಳಗೆ ಅಯಸ್ಕಾಂತದ ಪುಟ್ಟ ಗೂಟಗಳು, ಅವುಗಳ ಸುತ್ತ ಕೂದಲೆಳೆಯಷ್ಟು ಸಪೂರವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಚೂರೇ ಚೂರು ವಿದ್ಯುತ್ ಹುಟ್ಟುತ್ತದೆ. ಅಲುಗಿಸಿದ್ದು ನಿಮ್ಮ ಬೆರಳೋ, ಗೋಡೆಯೊಳಗಿನ ವೈರೋ, ಮೇಜಿನ ಮೇಲಿನ ಅಡಾಪ್ಟರೋ, ಸುರುಳಿಗೆ ಆ ಭೇದ ಗೊತ್ತಿಲ್ಲ. ಬೆರಳಿನ ಸೂಕ್ಷ್ಮ ಹಿಡಿಯುವ ಗುಣವೂ ಬೇಡದ್ದನ್ನು ಹಿಡಿಯುವ ದೋಷವೂ ಅದೇ ಸಾವಿರಾರು ಸುತ್ತಿನಲ್ಲಿವೆ. ತಂತಿಗಳ ಮೇಲೆ ಅಂಗೈ ಇಟ್ಟು ನೋಡಿ, ಸಾಮಾನ್ಯವಾಗಿ ಗುಂಯ್ ತಗ್ಗುತ್ತದೆ. ಬ್ರಿಜ್ ಅಡಿಯಿಂದ ಒಂದು ಸಣ್ಣ ವೈರು ಒಳಗಿನ ಗ್ರೌಂಡ್‌ಗೆ ಹೋಗಿರುತ್ತದೆ. ತಂತಿ ಮುಟ್ಟಿದ ಕ್ಷಣದಿಂದ ನುಡಿಸುವವರ ಮೈ ಕೂಡ ಆ ಸರ್ಕೀಟಿನ ಭಾಗವೇ.

ಹವ್ಯಾಸಿ ಬೇಸ್ ವಾದಕರ ಹೊತ್ತಿನಲ್ಲಿ ಬಹುಪಾಲು ಇಂಥ ಸದ್ದುಗಳ ವಿಚಾರಣೆಯಲ್ಲೇ ಹೋಗುತ್ತದೆ. ಫ್ರೆಟ್ ಮೇಲೆ ತಂತಿ ಜಿರ್ ಅನ್ನುವುದು, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುವುದು, ಯಾವುದೋ ಒಂದು ಸ್ವರ ಮಾತ್ರ ಬೇಗ ಸಾಯುವುದು, ದನಿ ಬದಲಿಸುವ ಪೆಡಲ್ ಹಾಕಿದ ಕೂಡಲೇ ದನಿಯ ಬುಡ ಕಳಚಿಹೋಗುವುದು. ಹೊರಗಿನವರಿಗೆ ಇದು ಸಾಮಾನಿನ ಹುಚ್ಚಿನಂತೆ ಕಾಣಬಹುದು. ಅದರೊಳಗೆ ಒಂದು ಗಂಭೀರ ಪ್ರಶ್ನೆ ಇದೆ ಎಂದು ನನಗೆ ವರ್ಷಗಳಿಂದ ಅನ್ನಿಸಿದೆ. ಒಂದು ವಾದ್ಯದಲ್ಲಿ ಕೇಳುವ ಸದ್ದುಗಳಲ್ಲಿ ಯಾವುದು ಅದರ ದೋಷ, ಯಾವುದು ಅದರ ದನಿ? ಅದನ್ನು ತೀರ್ಮಾನಿಸುವವರು ಯಾರು? ಬಿಚ್ಚುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು, ಏಕೆಂದರೆ ರಿಪೇರಿ ಅಂದರೆ ಏನನ್ನೋ ತೆಗೆಯುವುದು, ಮತ್ತು ತೆಗೆದದ್ದನ್ನೆಲ್ಲ ತಿರುಗಿ ತರಲು ಆಗುವುದಿಲ್ಲ.

ಬೇಸ್ ಗಿಟಾರ್ ಹುಟ್ಟಿದ್ದೇ ರಿಪೇರಿಯವನೊಬ್ಬನ ಬೆಂಚಿನ ಮೇಲೆ ಅನ್ನುವುದನ್ನು ಇಲ್ಲಿ ನೆನೆಯಬೇಕು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆಗಿನ ಬ್ಯಾಂಡುಗಳಲ್ಲಿ ಮಂದ್ರದ ಕೆಲಸ ಮಾಡುತ್ತಿದ್ದದ್ದು ಆಳೆತ್ತರದ ಡಬಲ್ ಬೇಸ್. ಸಾಗಿಸುವುದು ಕಷ್ಟ, ಡ್ರಮ್ಮಿನ ಮುಂದೆ ಕೇಳುವುದಿಲ್ಲ, ಫ್ರೆಟ್ ಇಲ್ಲದ್ದರಿಂದ ಸ್ವರಸ್ಥಾನ ಹಿಡಿಯಲು ಬೆರಳು ಪಳಗಿರಬೇಕು. 1951ರಲ್ಲಿ ಫೆಂಡರ್ ಹೊರತಂದ ವಾದ್ಯಕ್ಕೆ ಫ್ರೆಟ್ ಇತ್ತು, ಬೆರಳಿಟ್ಟಲ್ಲಿ ಸ್ವರ ಖಚಿತ. ಪ್ರಿಸಿಷನ್ ಎಂಬ ಹೆಸರು ಬಂದದ್ದು ಅದರಿಂದಲೇ. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಇಂಥದ್ದೊಂದು ಮಾಡಿದ್ದರು, ಆದರೆ ಅದು ಬಳಕೆಗೆ ಬರಲಿಲ್ಲ.

ಫೆಂಡರ್ ಕಟ್ಟಿದ ರೀತಿಯಲ್ಲಿ ರಿಪೇರಿಯವರ ಬುದ್ಧಿ ಎದ್ದು ಕಾಣುತ್ತದೆ. ಕತ್ತನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಲ್ಲಿ ಬಿಗಿದರು. ಕತ್ತು ಸವೆದರೆ, ಮುರಿದರೆ, ಬಿಚ್ಚಿ ಇನ್ನೊಂದು ಹಾಕಿದರಾಯಿತು. ವೈರಿಂಗ್ ಎಲ್ಲವೂ ಒಂದು ತಗಡಿನ ಹಿಂದೆ, ನಾಲ್ಕು ತಿರುವಿಗೆ ಹೊರಗೆ. ಕೆಡುವುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವಾದ್ಯ ಇದು. ಹಲಸಿನ ಒಂದೇ ದಿಮ್ಮಿಯಿಂದ ಕೆತ್ತುವ ಏಕಾಂಡ ವೀಣೆಯ ಕಲ್ಪನೆ ಬೇರೆ, ಅಲ್ಲಿ ಅಖಂಡತೆಯೇ ಆದರ್ಶ. ಆ ವೀಣೆಗೂ ಮೇಣ ಮೆತ್ತಿ ಕೂರಿಸಿದ ಮೆಟ್ಟಿಲುಗಳನ್ನು ಆಗಾಗ ಬಿಡಿಸಿ ಮತ್ತೆ ಕೂರಿಸಬೇಕಾಗುತ್ತದೆ ಅನ್ನುವುದು ಬೇರೆ ಮಾತು. ಕೆಡದ ವಾದ್ಯ ಎಲ್ಲೂ ಇಲ್ಲ. ಫೆಂಡರ್ ಅದನ್ನು ನಾಲ್ಕು ಸ್ಕ್ರೂಗಳಲ್ಲಿ ಬಹಿರಂಗವಾಗಿ ಹೇಳಿದರು. ಗುಂಯ್ ಸದ್ದಿಗೂ ಅವರು ಒಂದು ಉತ್ತರ ಹುಡುಕಿದರು. 1957ರ ಹೊತ್ತಿಗೆ ಪ್ರಿಸಿಷನ್ನಿನ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದು ತುಂಡು ಇನ್ನೊಂದಕ್ಕೆ ಎದುರಾಗುವಂತೆ ಜೋಡಿಸಿದರು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಹುಟ್ಟಿ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ದನಿ ಉಳಿಯುತ್ತದೆ. ಬೇಸ್ ವಾದಕರು ಇವತ್ತಿಗೂ ಅತಿ ಹೆಚ್ಚು ನೆಚ್ಚುವ ಪಿಕಪ್‌ಗಳಲ್ಲಿ ಇದೊಂದು.

ಇಷ್ಟು ಖಚಿತವಾಗಿ ದೋಷ ಮತ್ತು ದನಿಯನ್ನು ಬೇರೆ ಮಾಡುವ ಅವಕಾಶ ಎಲ್ಲ ಸಲವೂ ಸಿಗುವುದಿಲ್ಲ.

ತಂತಿಯ ಜಿರ್ ಸದ್ದನ್ನೇ ತೆಗೆದುಕೊಳ್ಳಿ. ಬೇಸ್ ಗಿಟಾರಿನಲ್ಲಿ ತಂತಿ ಫ್ರೆಟ್ಟಿಗೆ ತಾಗಿ ಜಿರ್ ಅಂದರೆ ಮಾಲೀಕರಿಗೆ ನಿದ್ದೆ ಬರುವುದಿಲ್ಲ. ತಂತಿಯ ಎತ್ತರ ಹೆಚ್ಚಿಸುತ್ತಾರೆ, ಫ್ರೆಟ್ ಉಜ್ಜಿಸುತ್ತಾರೆ, ಕತ್ತಿನ ಒಳಗಿನ ಕಂಬಿ ತಿರುಗಿಸುತ್ತಾರೆ. ಅದೇ ಹೊತ್ತಿಗೆ ನಮ್ಮ ತಂಬೂರಿಯವರು ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಇಟ್ಟು, ಅದನ್ನು ಕೂದಲಷ್ಟು ಹಿಂದೆ ಮುಂದೆ ಸರಿಸುತ್ತ, ತಂತಿ ಕುದುರೆಯ ಮೈಗೆ ಸವರಿ ಝೇಂಕರಿಸುವ ಆ ಒಂದು ತಾಣಕ್ಕಾಗಿ ಹುಡುಕುತ್ತಾರೆ. ಅದು ಸಿಕ್ಕರೆ ಜೀವಾಳ ಕೂತಿತು ಅನ್ನುತ್ತಾರೆ. ತಂತಿಯೊಂದು ಗಟ್ಟಿ ಮೈಯನ್ನು ಸವರುವುದು, ಮೇಲಿನ ಸ್ವರಾಂಶಗಳು ಚಿಮ್ಮುವುದು, ಎರಡೂ ಕಡೆ ನಡೆಯುವುದು ಇಷ್ಟೇ. ಒಂದು ಕಡೆ ರೋಗ, ಇನ್ನೊಂದು ಕಡೆ ಜೀವ.

ಬೇಸ್ ಗಿಟಾರಿನ ಚರಿತ್ರೆಯಲ್ಲೇ ಈ ಎರಡೂ ತುದಿಗಳನ್ನು ಕೂಡಿಸಿದ ಒಬ್ಬರಿದ್ದರು. ಫ್ಲಾರಿಡಾದ ಜಾಕೊ ಪಸ್ಟೋರಿಯಸ್ 1962ರ ಒಂದು ಫೆಂಡರ್ ಜಾಝ್ ಬೇಸ್‌ನಿಂದ ಫ್ರೆಟ್‌ಗಳನ್ನು ಕಿತ್ತುಹಾಕಿದರು ಎಂಬುದು ಪ್ರಚಲಿತ ಕಥೆ. ಉಳಿದ ಸೀಳುಗಳಿಗೆ ಮರದ ಲಪ್ಪ ತುಂಬಿ, ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯ ಲೇಪ ಕೊಟ್ಟರು. ಸುತ್ತುತಂತಿಯ ಒರಟು ಮೈ ಮರವನ್ನು ತಿಂದುಹಾಕದಿರಲಿ ಎಂಬುದು ಅದರ ಲೆಕ್ಕ. ಫೆಂಡರ್ ಯಾವ ಗುಣಕ್ಕಾಗಿ ಆ ವಾದ್ಯದ ವಂಶವನ್ನೇ ಕಟ್ಟಿದ್ದರೋ ಆ ಖಚಿತತೆಯನ್ನೇ ಜಾಕೊ ಕಿತ್ತು ಬಿಸಾಡಿದಂತಾಯಿತು. ಆ ಗಟ್ಟಿ ಲೇಪದ ಮೇಲೆ ತಂತಿ ಉದ್ದಕ್ಕೂ ಸವರಿದಾಗ ಹುಟ್ಟಿದ ದನಿ 1976ರ ಅವರ ಮೊದಲ ಆಲ್ಬಮ್ಮಿನಲ್ಲಿ ಇದೆ. ಸ್ವರ ಹುಟ್ಟಿದ ಮೇಲೆ ಬಾಯಿ ತೆರೆದು ಅರಳುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಅರಳುವಿಕೆ ಅಪರಿಚಿತ ಅನ್ನಿಸಲಾರದು. ಫ್ರೆಟ್‌ಲೆಸ್ ನುಡಿಸುವ ನಮ್ಮ ಹುಡುಗ ಹುಡುಗಿಯರು ಅದನ್ನೊಮ್ಮೆ ಒಳ್ಳೆಯ ತಂಬೂರಿಯ ಪಕ್ಕ ಕೂತು ಕೇಳಬೇಕು ಎಂದು ನನ್ನ ಆಸೆ.

ಇನ್ನೊಂದು ಪ್ರಸಂಗದಲ್ಲಿ ಕೆಟ್ಟದ್ದೇ ಮಾಲಾಗಿ ಮಾರಾಟವಾಯಿತು. 1960ರಲ್ಲಿ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆಯುತ್ತಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸಿನಲ್ಲಿ ನಡುವಿನ ತುಣುಕು ನುಡಿಸಿದರು. ಅವರ ದನಿ ಹಾದುಹೋಗುತ್ತಿದ್ದ ಮಿಕ್ಸರಿನ ಚಾನೆಲ್ ಕೆಟ್ಟಿತ್ತು. ಮೃದುವಾದ ಹಾಡಿನ ನಡುವೆ ಬಟ್ಟೆ ಹರಿದಂಥ ಸದ್ದು ಬಂತು. ತೆಗೆಯಬೇಕೋ ಬೇಡವೋ ಎಂಬ ಮಾತಾದ ಮೇಲೆ ಅದನ್ನು ಹಾಗೆಯೇ ಉಳಿಸಿದರು. 1961ರಲ್ಲಿ ಹಾಡು ದೊಡ್ಡ ಯಶಸ್ಸು ಕಂಡಿತು. ಬೇರೆಯವರು ಬಂದು ನಮಗೂ ಆ ಸದ್ದು ಬೇಕು ಅನ್ನತೊಡಗಿದಾಗ, ಎಂಜಿನಿಯರ್ ಗ್ಲೆನ್ ಸ್ನಾಡಿ ಕೆಟ್ಟ ಚಾನೆಲ್ ಮಾಡುತ್ತಿದ್ದುದನ್ನೇ ಮಾಡುವ ಒಂದು ಟ್ರಾನ್ಸಿಸ್ಟರ್ ಸರ್ಕೀಟು ಕಟ್ಟಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮ್ಯಾಸ್ಟ್ರೋ ಫಝ್‌ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೊದಲಿಗೆ ಅದು ತುತ್ತೂರಿಯಂಥ, ಚೆಲ್ಲೋದಂಥ ದನಿ ಕೊಡುತ್ತದೆ ಎಂದು ಹೇಳಿ ಮಾರಲು ನೋಡಿದರು. ಕೆಟ್ಟ ಸದ್ದನ್ನು ಕೆಟ್ಟ ಸದ್ದೆಂದೇ ಇಷ್ಟಪಡುವ ಕಿವಿ ಇನ್ನೂ ತಯಾರಾಗಿರಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಅಂಗಡಿಯ ದಾಸ್ತಾನು ಖಾಲಿ. ಅಂದರೆ ಇವತ್ತು ಜಗತ್ತಿನಾದ್ಯಂತ ಕಾಲಡಿ ಇರುವ ಫಝ್ ಪೆಡಲ್‌ಗಳ ಮೂಲಪುರುಷ, ಒಂದು ಬೇಸ್ ವಾದ್ಯದ ದನಿ ಕೆಟ್ಟ ಯಂತ್ರವೊಂದರ ಮೂಲಕ ಹಾದದ್ದು.

ಬೇಸ್ ವಾದಕರು ಈ ಪೆಡಲ್‌ಗಳನ್ನು ಬಳಸಲು ಹೊರಟಾಗ ಒಂದು ತೊಡಕು ಎದುರಾಗುತ್ತದೆ. ಗಿಟಾರಿಗೆಂದು ಮಾಡಿದ ಫಝ್ ಹಾಕಿದರೆ ದನಿ ದೊಡ್ಡದಾದಂತೆ ಕಂಡರೂ ಬುಡ ಇರುವುದಿಲ್ಲ. ಒಳಬಾಗಿಲಿನ ಕೆಪಾಸಿಟರು ಕೆಳಗಿನ ಕಂಪನಗಳನ್ನು ಹೊರಗೇ ನಿಲ್ಲಿಸಿರುತ್ತದೆ, ಅಲೆಯ ತಲೆ ಕತ್ತರಿಸಿದಾಗ ಮೇಲಿನ ಸ್ವರಾಂಶಗಳು ಗದ್ದಲ ಎಬ್ಬಿಸುತ್ತವೆ. ಹವ್ಯಾಸಿಗಳು, ಅವರಿಗಾಗಿ ಪೆಡಲ್ ಕಟ್ಟುವವರು ಇದಕ್ಕೆ ಕಂಡುಕೊಂಡ ಉಪಾಯ ಬ್ಲೆಂಡ್ ಎಂಬ ಗುಬುಟು. ದನಿ ಎರಡು ಹಾದಿ ಹಿಡಿಯುತ್ತದೆ, ಒಂದು ಕೆಡಲು ಹೋಗುತ್ತದೆ, ಇನ್ನೊಂದು ಹಾಗೇ ಬರುತ್ತದೆ. ಕೊನೆಯಲ್ಲಿ ಎಷ್ಟು ಪಾಲು ಕೆಟ್ಟದ್ದು, ಎಷ್ಟು ಪಾಲು ಮೂಲದ್ದು ಅನ್ನುವುದನ್ನು ಬೆರಳಿನಿಂದ ತಿರುಗಿಸಿ ನಿರ್ಧರಿಸಬಹುದು. 1990ರ ದಶಕದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಯಾರಾದ ಹಸಿರು ಬಣ್ಣದ ಬಿಗ್ ಮಫ್ ಪೆಡಲ್‌ಗಳಿಗೆ ಬೇಸ್ ವಾದಕರು ಇಂದಿಗೂ ಮುಗಿಬೀಳುವುದು, ಅವು ಕೆಡಿಸುವಾಗಲೂ ಬುಡವನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ ಅನ್ನುವ ಕಾರಣಕ್ಕೆ. ಪೆಡಲ್‌ಗಳ ಸಾಲಿನಲ್ಲಿ ನನಗೆ ಅತ್ಯಂತ ಗೌರವ ಇರುವುದು ಈ ಬ್ಲೆಂಡ್ ಗುಬುಟಿನ ಮೇಲೆ. ಅದು ಯಾವ ಸದ್ದನ್ನೂ ಸರಿ ತಪ್ಪು ಅನ್ನುವುದಿಲ್ಲ, ಪಾಲು ಎಷ್ಟು ಎಂದಷ್ಟೇ ಕೇಳುತ್ತದೆ.

ಬುಡ ಎಂದೆ. ಅದೂ ಕಣ್ಣುಮುಚ್ಚಿ ನಂಬುವಂಥ ಪದಾರ್ಥವಲ್ಲ. ಬೇಸಿನ ಕೆಳಗಿನ ಇ ತಂತಿಯ ಮೂಲ ಕಂಪನ 41 ಹರ್ಟ್ಜ್. ಗಾಳಿಯಲ್ಲಿ ಆ ಒಂದು ಅಲೆಯ ಉದ್ದವೇ 8 ಮೀಟರಿಗೂ ಹೆಚ್ಚು, ನಮ್ಮ ಬಹುತೇಕ ಕೋಣೆಗಳಿಗಿಂತ ಉದ್ದ. ಚಿಕ್ಕ ಸ್ಪೀಕರಿಗೆ ಅದನ್ನು ನುಡಿಯುವ ತಾಕತ್ತಿಲ್ಲ. ಆದರೂ ಕೇಳುತ್ತದೆ. ಶಂಕರ್‌ನಾಗ್ ಅವರ ‘ಗೀತಾ’ ಸಿನಿಮಾ ಬಂದದ್ದು 1981ರಲ್ಲಿ. ಇಳಯರಾಜಾ ಸಂಗೀತದ ಆ ಹಾಡುಗಳಲ್ಲಿ ಬೇಸ್ ಗಿಟಾರ್ ಎಷ್ಟು ಚೆನ್ನಾಗಿ ಓಡಾಡುತ್ತದೆ ಅನ್ನುವುದು ಕಿವಿಗೊಟ್ಟವರಿಗೆ ಗೊತ್ತು. ಕನ್ನಡಿಗರಲ್ಲಿ ಬಹಳ ಮಂದಿ ಅವನ್ನು ಕೇಳಿದ್ದು ಅಂಗೈ ಅಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ. ಆ ಸ್ಪೀಕರು ನುಡಿದದ್ದು 41ರ ಗುಣಕಗಳಾದ ಮೇಲಿನ ಅಂಶಗಳನ್ನು ಮಾತ್ರ. ಅವುಗಳ ನಡುವಿನ ಸಮ ಅಂತರ ನೋಡಿ, ಕೆಳಗೆ ಇಲ್ಲದ 41ನ್ನು ಮಿದುಳು ತಾನೇ ಊಹಿಸಿ ಕೇಳಿಸಿಕೊಳ್ಳುತ್ತದೆ. ಆಗ ಬುಡ ಎಲ್ಲಿತ್ತು? ಅರ್ಧ ರೇಡಿಯೊದಲ್ಲಿ, ಅರ್ಧ ಕೇಳುವವರ ತಲೆಯಲ್ಲಿ. ಆ ಊಹೆಗೆ ಆಧಾರವಾದದ್ದು, ಸ್ವಚ್ಛ ದನಿಯ ಆಸೆಯಲ್ಲಿ ನಾವು ತೆಗೆದುಹಾಕಲು ನೋಡುವ ಅದೇ ಮೇಲಿನ ಒರಟು ಅಂಶಗಳು.

ಹವ್ಯಾಸಿಗಳಿಗೆ ಈ ಪಾಠ ಸಿಗುವುದು ಜ್ಯಾಮ್ ರೂಮಿನಲ್ಲಿ. ಮನೆಯಲ್ಲಿ ಒಬ್ಬರೇ ಕೂತು ಗಂಟೆಗಟ್ಟಲೆ ತಿದ್ದಿ, ಒರಟೆಲ್ಲ ತೆಗೆದು, ಬೆಣ್ಣೆಯಂಥ ದನಿ ಮಾಡಿಕೊಂಡು ಹೋಗುತ್ತಾರೆ. ಡ್ರಮ್ಮು ಶುರುವಾಗಿ ಎರಡು ಗಿಟಾರು ಸೇರಿದ ಮೇಲೆ, “ಮಗಾ, ನಿನ್ನ ಬೇಸೇ ಕೇಳ್ತಿಲ್ವಲ್ಲೋ” ಎಂದು ಡ್ರಮ್ಮರ್ ಕೂಗುತ್ತಾನೆ. ವಾಲ್ಯೂಮ್ ಏರಿಸಿದರೆ ಕೋಣೆ ಅದುರುತ್ತದೆ, ಸ್ವರ ಮಾತ್ರ ತಿಳಿಯುವುದಿಲ್ಲ. ಮಧ್ಯದ ಕಂಪನಗಳನ್ನು ಸ್ವಲ್ಪ ಏರಿಸಿ, ದನಿಯನ್ನು ಚೂರು ಕೆಡಿಸುವ ಡ್ರೈವ್ ಸೇರಿಸಿ, ತಂತಿ ಫ್ರೆಟ್ಟಿಗೆ ತಾಗುವ ಟಕ್ ಸದ್ದನ್ನೂ ಹಾಗೇ ಬಿಟ್ಟರೆ ಇದ್ದಕ್ಕಿದ್ದಂತೆ ಪ್ರತಿ ಸ್ವರವೂ ಎದ್ದು ಬರುತ್ತದೆ. ಒಬ್ಬಂಟಿಯಾಗಿದ್ದಾಗ ಕೊಳಕು ಅನ್ನಿಸಿದ್ದು ಗುಂಪಿನಲ್ಲಿ ಸ್ಪಷ್ಟತೆಯಾಗಿ ಕೆಲಸ ಮಾಡುತ್ತದೆ. ಹಾಗಾದರೆ ಮನೆಯಲ್ಲಿ ನಾವು ದೋಷ ಎಂದು ತೀರ್ಪು ಕೊಟ್ಟದ್ದರಲ್ಲಿ ಎಷ್ಟನ್ನು ಏಕಾಂತದ ಕಿವಿಯಿಂದ ಕೊಟ್ಟಿದ್ದೇವೆ?

ಜೇಮ್ಸ್ ಜೇಮರ್ಸನ್ ಬಗ್ಗೆ ಬೇಸ್ ವಾದಕರು ಮಾತಾಡುವಾಗ ದನಿ ತಗ್ಗಿಸಿ ಮಾತಾಡುತ್ತಾರೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದುದ್ದಕ್ಕೂ ಬೇಸ್ ನುಡಿಸಿದವರು ಅವರು. ರೆಕಾರ್ಡಿನ ಮೇಲೆ ಅವರ ಹೆಸರು ಕಾಣಿಸಿಕೊಳ್ಳಲು ಗಾಯಕ ಮಾರ್ವಿನ್ ಗೇ ಅವರ 1971ರ ಆಲ್ಬಮ್ ಬರಬೇಕಾಯಿತು. ಅವರ 1962ರ ಪ್ರಿಸಿಷನ್ ಬೇಸಿನಲ್ಲಿ ದಪ್ಪನೆಯ ನುಣುಪು ಸುತ್ತಿನ ತಂತಿಗಳಿದ್ದವು. ತುಂಡಾಗದ ಹೊರತು ಅವರು ತಂತಿ ಬದಲಿಸುತ್ತಿರಲಿಲ್ಲ. ಬ್ರಿಜ್ ಮುಚ್ಚಳದ ಅಡಿ ಫೋಮ್ ತುಂಡಿತ್ತು, ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಈಗಿನ ಯಾವುದೇ ರಿಪೇರಿ ಬೆಂಚಿಗೆ ಆ ವಾದ್ಯ ಬಂದಿದ್ದರೆ ಮೊದಲ ಕೆಲಸ ಆ ಸತ್ತ ತಂತಿಗಳನ್ನು ಕತ್ತರಿಸಿ ಬಿಸಾಡುವುದೇ ಆಗುತ್ತಿತ್ತು. ಹಾಗಾಗಿದ್ದರೆ ಅರ್ಧ ಶತಮಾನದಿಂದ ಜಗತ್ತು ಕೇಳುತ್ತ ಬಂದಿರುವ ಆ ದುಂಡನೆಯ, ಬೇಗ ಮುಗಿದು ಮುಂದಿನ ಸ್ವರಕ್ಕೆ ಜಾಗ ಬಿಡುವ ದನಿ ಅದೇ ದಿನ ಹೋಗಿಬಿಡುತ್ತಿತ್ತು.

ನಮ್ಮ ಹುಡುಗರು ಇನ್ನೊಂದು ತುದಿಯಲ್ಲಿದ್ದಾರೆ. ಒಳ್ಳೆಯ ಬೇಸ್ ತಂತಿಯ ಒಂದು ಸೆಟ್ಟಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು ಕೊಡಬೇಕು. ಹಾಸ್ಟೆಲಿನಲ್ಲಿರುವವರಿಗೆ ಅದು ಸಣ್ಣ ದುಡ್ಡಲ್ಲ. ಆದ್ದರಿಂದ ಹಳೆ ತಂತಿ ಬಿಚ್ಚಿ ಸುರುಳಿ ಸುತ್ತಿ ಪಾತ್ರೆಯಲ್ಲಿ ನೀರು ಹಾಕಿ ಕುದಿಸುತ್ತಾರೆ. ಸುತ್ತುಗಳ ನಡುವೆ ಕೂತ ಬೆವರು, ಎಣ್ಣೆ, ಸತ್ತ ಚರ್ಮ ನೀರಿಗೆ ಬಿಟ್ಟುಕೊಂಡು ನೀರು ಬೂದು ಬಣ್ಣಕ್ಕೆ ತಿರುಗುತ್ತದೆ. ಒರೆಸಿ ಚೆನ್ನಾಗಿ ಒಣಗಿಸಿ ಮತ್ತೆ ಹಾಕಿದರೆ ಹೊಸ ತಂತಿಯ ಹೊಳಪು ಒಂದಷ್ಟು ದಿನಕ್ಕೆ ಹಿಂದಿರುಗುತ್ತದೆ. ಜೇಮರ್ಸನ್ ಉಳಿಸಿಕೊಂಡ ಕೊಳೆಯನ್ನೇ ಇವರು ಕುದಿಸಿ ತೆಗೆಯುತ್ತಾರೆ. ಹೆಬ್ಬೆರಳಿನಿಂದ ಬಡಿದು ನುಡಿಸುವ ಶೈಲಿಗೆ ಹೊಳಪು ಬೇಕೇ ಬೇಕು, ಹಳೆಯ ಸೋಲ್ ಹಾಡಿಗೆ ಅದೇ ಹೊಳಪು ಕಿರಿಕಿರಿ. ಹಾಡು ಯಾವುದು ಎಂದು ಕೇಳದೆ ತಂತಿ ಸತ್ತಿದೆ ಎನ್ನುವುದಕ್ಕೆ ಅರ್ಥವೇ ಇಲ್ಲ.

ಆದರೆ ಎಲ್ಲವೂ ದೃಷ್ಟಿಕೋನ ಎಂದು ಕೈತೊಳೆದುಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಕೆಲವು ಕೇವಲ ದೋಷಗಳೇ. ಅವುಗಳಲ್ಲಿ ಮೊದಲನೆಯದು ಸಡಿಲವಾದ ಜಾಕ್. ಕೇಬಲ್ ಸಿಕ್ಕಿಸುವ ತೂತಿನ ಸುತ್ತಲಿನ ನಟ್ಟು ಕ್ರಮೇಣ ಸಡಿಲವಾಗುತ್ತದೆ. ಹೊರಗಿನಿಂದ ಅದನ್ನು ಬರಿಗೈಯಲ್ಲಿ ತಿರುಗಿಸಿ ಬಿಗಿ ಮಾಡುತ್ತೇವೆ. ಪ್ರತಿ ಸಲವೂ ಒಳಗಿನ ಜಾಕ್ ಪೂರ್ತಿ ಸುತ್ತುತ್ತದೆ, ಅದಕ್ಕೆ ಬೆಸೆದ ಎರಡು ವೈರು ಹುರಿಗೊಳ್ಳುತ್ತವೆ, ಒಂದು ದಿನ ಒಂದು ಕಿತ್ತುಬರುತ್ತದೆ. ತಗಡು ಬಿಚ್ಚಿ ನೋಡಿದರೆ ಬೆಸುಗೆಯ ತುದಿಯಲ್ಲಿ ನಾಲ್ಕಾರು ತಾಮ್ರದ ಎಳೆ ಮೀಸೆಯಂತೆ ನಿಂತಿರುತ್ತವೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ 25 ವ್ಯಾಟಿನ ಸೋಲ್ಡರಿಂಗ್ ಐರನ್ನು, ಒಂದು ಸುರುಳಿ ಸೀಸ, ಬೇಕಾದರೆ ಹೊಸ ಜಾಕ್, ಎಲ್ಲವೂ ಸಿಗುತ್ತವೆ. ವೈರಿನ ತುದಿ ಸುಲಿದು ಎಳೆಗಳನ್ನು ಹೊಸೆದು ಮೊದಲು ಅದಕ್ಕೇ ಸ್ವಲ್ಪ ಸೀಸ ಕುಡಿಸಬೇಕು. ಆಮೇಲೆ ಐರನ್ನಿನ ಮೊನೆಯಿಂದ ಜಾಕಿನ ಕಿವಿಯನ್ನು ಕಾಯಿಸಿ, ಸೀಸವನ್ನು ಮೊನೆಗೆ ಹಿಡಿಯದೆ ಕಾದ ಲೋಹಕ್ಕೇ ತಾಗಿಸಬೇಕು. ಲೋಹ ಸಾಕಷ್ಟು ಕಾದಿದ್ದರೆ ಸೀಸ ತಾನಾಗಿ ಹರಿದು ಹಬ್ಬುತ್ತದೆ, ಕಾದಿರದಿದ್ದರೆ ಮಣಿಯಂತೆ ಉಂಡೆಗಟ್ಟಿ ಮೇಲೆ ಕೂರುತ್ತದೆ. ಐರನ್ನು ತೆಗೆದ ಮೇಲೆ ಎರಡು ಮೂರು ಸೆಕೆಂಡು ವೈರು ಅಲುಗಬಾರದು. ಊದಬಾರದು. ಹೊಳೆಯುತ್ತ ಗಟ್ಟಿಯಾದರೆ ಬೆಸುಗೆ ಕೂತಿತು, ಮಂಕಾಗಿ ಒರಟಾಗಿ ಗಟ್ಟಿಯಾದರೆ ಅದು ಹುಸಿ ಬೆಸುಗೆ, ಇನ್ನೊಂದು ತಿಂಗಳಲ್ಲಿ ಕಾರ್ಯಕ್ರಮದ ನಡುವೆ ಕೈಕೊಡುತ್ತದೆ. ಮತ್ತೆ ಕಾಯಿಸಬೇಕು.

ಆ ಎರಡು ಮೂರು ಸೆಕೆಂಡು ಕೈ ಅಲುಗದಂತೆ ಹಿಡಿದಿರುವಾಗ ಮನಸ್ಸೂ ಬೇರೆಲ್ಲೂ ಹೋಗುವುದಿಲ್ಲ. ಕತ್ತಿನ ಒಳಗಿನ ಉಕ್ಕಿನ ಕಂಬಿ, ಟ್ರಸ್ ರಾಡ್, ಕೇಳುವ ತಾಳ್ಮೆ ಇನ್ನೊಂದು ಬಗೆಯದು. ನಾಲ್ಕು ತಂತಿಗಳು ಸೇರಿ ಸುಮಾರು 70-80 ಕಿಲೋ ಭಾರದಷ್ಟು ಸೆಳೆತದಿಂದ ಕತ್ತನ್ನು ಮುಂದಕ್ಕೆ ಬಾಗಿಸುತ್ತಿರುತ್ತವೆ. ಕಂಬಿ ಅದಕ್ಕೆ ಎದುರು ನಿಲ್ಲುತ್ತದೆ. ಮರವಂತೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಂಗಳೂರಿನ ಆಷಾಢದಲ್ಲಿ ಸರಿಯಿದ್ದ ಕತ್ತು ಕಲಬುರಗಿಯ ಏಪ್ರಿಲ್ಲಿನಲ್ಲಿ ಸರಿಯಿರುವುದಿಲ್ಲ. ಮೊದಲ ಫ್ರೆಟ್ಟನ್ನೂ ಕೊನೆಯದನ್ನೂ ಒತ್ತಿ ಹಿಡಿದು ಏಳನೆಯದರ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಇದ್ದರೆ ಸಾಕು. ತೀರಾ ನೆಟ್ಟಗಾದ ಕತ್ತಿನಲ್ಲಿ, ಅಗಲವಾಗಿ ಅಲುಗುವ ತಂತಿಗೆ ಜಾಗ ಸಾಲದೆ ಜಿರ್ ಅನ್ನುತ್ತದೆ. ನುಡಿಯಬೇಕಾದರೆ ಕತ್ತಿಗೆ ಕೂದಲಷ್ಟು ಬಾಗು ಇರಲೇಬೇಕು. ಕಂಬಿಯನ್ನು ಕಾಲು ಸುತ್ತು ತಿರುಗಿಸಿ ಒಂದು ದಿನ ಬಿಡಬೇಕು. ಮರ ತನ್ನ ನಿಲುವು ಹೇಳಲು ಹೊತ್ತು ತೆಗೆದುಕೊಳ್ಳುತ್ತದೆ.

ಹವ್ಯಾಸಿಗಳ ವಲಯದಲ್ಲಿ ಸುಳ್ಳು ದೋಷಗಳೂ ಚಲಾವಣೆಯಲ್ಲಿವೆ, ಅವನ್ನು ಗಟ್ಟಿಯಾಗಿ ಹೇಳಲೇಬೇಕು. ಟೋನ್ ಗುಬುಟಿನ ಹಿಂದಿನ ಪುಟ್ಟ ಕೆಪಾಸಿಟರನ್ನು ತೆಗೆದು ಹತ್ತು ಪಟ್ಟು ಬೆಲೆಯ ಹಳೆಕಾಲದ ಎಣ್ಣೆಕಾಗದದ ಕೆಪಾಸಿಟರು ಹಾಕಿದರೆ ದನಿಗೆ ಜೀವ ಬರುತ್ತದೆ ಅನ್ನುವ ಮಾತು ಅಂಥದ್ದು. ಮೌಲ್ಯ 0.047 ಮೈಕ್ರೋಫ್ಯಾರಡ್ ಇದ್ದದ್ದು ಅಷ್ಟೇ ಇದ್ದರೆ ಆ ಸರ್ಕೀಟಿನಲ್ಲಿ ಕಿವಿಗೆ ವ್ಯತ್ಯಾಸ ತಿಳಿಯದು. ಆ ದುಡ್ಡಿನಲ್ಲಿ ತಂತಿ ಕೊಳ್ಳಬಹುದು. ಹೊಸ ಪೆಡಲ್ ಕೊಳ್ಳುವ ಆಸೆಯನ್ನು ನಾನು ಹೀಗಳೆಯಲಾರೆ. ತಾನು ಕೇಳಿದ ಒಂದು ದನಿಯನ್ನು ತನ್ನ ಕೈಯಿಂದಲೂ ಹೊರಡಿಸಬೇಕು ಅನ್ನುವ ಹಂಬಲ ಅದು, ಒಳ್ಳೆಯ ಹಂಬಲ. ಸಂಕಟ ಏನೆಂದರೆ, ಕೊಂಡದ್ದು ಮನೆಗೆ ಬಂದ ವಾರದಲ್ಲಿ ನಾವು ಅದನ್ನು ಕೇಳುವುದನ್ನು ನಿಲ್ಲಿಸಿ ಮುಂದಿನದರ ಬಗ್ಗೆ ಓದಲು ಶುರುಮಾಡುತ್ತೇವೆ. ಬೆಸುಗೆ ಹಾಕಿದ, ಕತ್ತು ತಿದ್ದಿದ ವಾದ್ಯಕ್ಕೆ ಹಾಗಾಗುವುದು ಕಡಿಮೆ. ಅದರ ಪ್ರತಿ ಸದ್ದಿಗೂ ಕಾರಣ ಗೊತ್ತಿರುತ್ತದೆ, ಗೊತ್ತಿರುವುದನ್ನು ಮತ್ತೆ ಮತ್ತೆ ಕೇಳಬೇಕು ಅನ್ನಿಸುತ್ತದೆ.

ಜಾಕೊ ಅವರ ಆ ವಾದ್ಯಕ್ಕೆ ಏನಾಯಿತು ಅನ್ನುವುದು ಈ ವಿಚಾರಕ್ಕೆ ಸೇರಬೇಕಾದದ್ದು. 1980ರ ದಶಕದ ನಡುವೆ, ಅವರ ಮನಸ್ಸು ಹದಗೆಟ್ಟ ದಿನಗಳಲ್ಲಿ, ಅದು ಒಡೆದು ಚೂರುಚೂರಾಯಿತು. ರಿಪೇರಿಯ ಕುಶಲಿಗಳು ಚೂರುಗಳನ್ನು ಕೂಡಿಸಿ ಅಂಟಿಸಿ, ಮೇಲೆ ತೆಳು ಮರದ ಹಾಳೆ ಹೊದಿಸಿ ಮತ್ತೆ ನುಡಿಯುವಂತೆ ಮಾಡಿದರು. 1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಿಂದ ಅದು ಕಳುವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಜಾಕೊ ತೀರಿಕೊಂಡರು, ವಯಸ್ಸು 35. ಸುಮಾರು ಎರಡು ದಶಕಗಳ ಮೇಲೆ ವಾದ್ಯ ಮತ್ತೆ ಪತ್ತೆಯಾಯಿತು, 2010ರಲ್ಲಿ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಅದನ್ನು ಬಿಡಿಸಿಕೊಳ್ಳಲು ಜಾಕೊ ಕುಟುಂಬಕ್ಕೆ ನೆರವಾದರು. ಫ್ರೆಟ್ ಕಿತ್ತು, ಎಪಾಕ್ಸಿ ಬಳಿದು, ಒಡೆದು, ಅಂಟಿಸಿ, ಹೊದಿಕೆ ಹೊದಿಸಿದ ಆ ಮರದ ತುಂಡಿನಲ್ಲಿ 1962ರಲ್ಲಿ ಕಾರ್ಖಾನೆಯಿಂದ ಹೊರಬಂದದ್ದು ಎಷ್ಟು ಉಳಿದಿದೆ? ಹಳೆ ವಾದ್ಯಗಳ ವ್ಯಾಪಾರಿಗಳು ಬದಲಾಗದ ಸ್ಕ್ರೂ, ಮುಟ್ಟದ ಬೆಸುಗೆಗೆ ಬೆಲೆ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ಇದು ಹಾಳಾದ ಸಾಮಾನು. ನನ್ನ ಎಣಿಕೆಯಲ್ಲಿ ಅದಕ್ಕೆ ಆದ ಒಂದೊಂದು ಗಾಯವೂ ಅದರ ದನಿಯ ಭಾಗ. ಜೇಮರ್ಸನ್ನರ ಪ್ರಿಸಿಷನ್ ಅಷ್ಟು ಅದೃಷ್ಟ ಮಾಡಿರಲಿಲ್ಲ. 1983ರಲ್ಲಿ ಅವರು ಸಾಯುವುದಕ್ಕೆ ಕೆಲವು ದಿನ ಮೊದಲು ಕಳುವಾದದ್ದು ಈವರೆಗೂ ಸಿಕ್ಕಿಲ್ಲ. ಎಲ್ಲೋ ಯಾರದೋ ಮನೆಯಲ್ಲಿ, ಆ ಹಳೆ ತಂತಿ ಕಿತ್ತು ಹೊಸದು ಹಾಕಿಸಿಕೊಂಡು, ಅದು ಏನೆಂದು ಗೊತ್ತಿಲ್ಲದವರ ಕೈಯಲ್ಲಿ ಇರಬಹುದು.

ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ಹಿಂದೆಯೋ ಕಾಲೇಜು ದಿನಗಳ ಬೇಸ್ ಗಿಟಾರ್ ಒಂದು ಇದ್ದರೆ ಈ ವಾರ ಕೆಳಗಿಳಿಸಿ. ಮಾರುವ ಮೊದಲು, ಹೊಸ ಪೆಡಲ್ ತರಿಸುವ ಮೊದಲು, ಜಾಕನ್ನು ಒಳಗಿನಿಂದ ಹಿಡಿದು ಹೊರಗಿನ ನಟ್ಟನ್ನು ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ವಾಲ್ಯೂಮ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಚಿಮುಕಿಸಿ ಹತ್ತಿಪ್ಪತ್ತು ಸಲ ತಿರುಗಿಸಿ. ತಂತಿಗಳನ್ನು ಮಾತ್ರ ಕೂಡಲೇ ಬದಲಿಸಬೇಡಿ, ಅವುಗಳ ಮೇಲೆ ಒಂದು ಇಡೀ ಹಾಡು ನುಡಿಸಿ, ಸಾಧ್ಯವಾದರೆ ಇನ್ನೊಬ್ಬರ ಜೊತೆ ಕೂತು ನುಡಿಸಿ. ಆಮೇಲೂ ಬೇಡ ಅನ್ನಿಸಿದರೆ ಬದಲಿಸಿ, ಕತ್ತರಿಸುವ ಮುನ್ನ ತಂತಿಯನ್ನು ಪೂರ್ತಿ ಸಡಿಲಿಸುವುದನ್ನು ಮರೆಯಬೇಡಿ.